ತಿರುಗುವ ಮೋಡ

ಅಮೆರಿಕದ ಲಿಟಲ್ ಎಲ್ಮ್ ಊರಿನ ಇಂಡಿಯನ್ ಅಂಗಡಿಯಲ್ಲಿ ಬಿಲ್ ಮಾಡಿಸಲು ನಿಂತಿದ್ದ ರಂಜನಿಯ ಮುಂದೆ ಕನ್ನಡದ ಗಂಡ ಹೆಂಡತಿ ಇದ್ದರು. ಗಾಜಿನಾಚೆ ಮಧ್ಯಾಹ್ನದ ಆಕಾಶ ಹಸಿರುಗಟ್ಟಿತ್ತು. ಹೆಂಡತಿ ರೆಪ್ಪೆ ಮಿಟುಕಿಸದೆ ಒಂದೇ ಮೋಡವನ್ನು ನೋಡುತ್ತಿದ್ದಳು.

"ವಸುಧಾ, ಬಿರುಗಾಳಿ ಗಮನಿಸೋ ವಾಲಂಟಿಯರ್ ತಾನೆ ನೀನು? ಟೊರ್ನಾಡೋ ಅಂತ ವೆದರ್ ಆಫೀಸಿಗೆ ಹೇಳ್ಬಿಡು."

"ಬರೀ ಜೋತುಬಿದ್ದ ಮೋಡ ಇರಬಹುದು ಕಣ್ರೀ. ಟೊರ್ನಾಡೋ ಆದ್ರೆ ತಿರುಗುತ್ತೆ, ತಿರುಗ್ತಿದೆಯಾ ಅಂತ ನೋಡ್ಬೇಕು."

"ಅಷ್ಟರಲ್ಲಿ ಹೆಚ್ಚುಕಮ್ಮಿ ಆದ್ರೆ?"

"ಕಂಡಿದ್ದನ್ನ ಮಾತ್ರ ಹೇಳಿ, ಅಂದಾಜು ಬೇಡ ಅಂತ ಟ್ರೈನಿಂಗ್‌ನಲ್ಲೇ ಹೇಳಿದಾರೆ. ಹೋದ ಸಲ ನಾನು ಅವಸರಪಟ್ಟಿದ್ದಕ್ಕೆ ಊರಿಗೆ ಊರೇ ಸೈರನ್ ಕೇಳಿ ಸುಮ್ಸುಮ್ನೆ ಕಿಟಕಿಯಿಲ್ಲದ ಬಚ್ಚಲುಮನೇಲಿ ಅಡಗಿ ಕೂತಿತ್ತು."

ಸಾಲು ಮುಂದೆ ಸರಿಯಿತು. ಅವರು ಸರಿಯಲಿಲ್ಲ. ರಂಜನಿಯೂ ಅವರ ಹಿಂದೆ ನಿಂತು ಆ ಮೋಡವನ್ನೇ ನೋಡತೊಡಗಿದಳು.

"ತಿರುಗ್ತಿದೆ," ಎಂದಳು ವಸುಧಾ.

ನಿಂತ ಜಾಗ, ಮೋಡದ ದಿಕ್ಕು ಎಲ್ಲವನ್ನೂ ಫೋನಿನಲ್ಲಿ ಒಂದಿಷ್ಟೂ ತಡವರಿಸದೆ ಹೇಳಿದಳು. ಫೋನ್ ಇಟ್ಟು ಮತ್ತೆ ಮೋಡದ ಕಡೆ ನೋಡಿದಳು.

"ರೀ, ಅದು ಹೋಗ್ತಿರೋದು ನಮ್ಮನೆ ಕಡೆಗೇ."

"ಈಗ ಸೈರನ್ ಹಾಕ್ತಾರಲ್ಲ, ಮನೇಲಿರೋ ಅಮ್ಮ ಅದನ್ನ ಕೇಳಿ ಬಚ್ಚಲುಮನೆಗೆ ಹೋಗ್ತಾರೆ ಬಿಡು."

"ಮಧ್ಯಾಹ್ನ ಮಲಗೋವಾಗ ಅವರು ಕಿವಿ ಮಿಷನ್ ತೆಗೆದಿಡ್ತಾರಲ್ರೀ!"

ಸಾಮಾನು ತುಂಬಿದ ಗಾಡಿಯನ್ನು ಅಲ್ಲೇ ಬಿಟ್ಟು ಇಬ್ಬರೂ ಓಡಿದರು. ಅವರು ಬಾಗಿಲು ದಾಟುವಷ್ಟರಲ್ಲಿ, ಊರಿಗೆಲ್ಲ ಕೇಳುವಂತೆ ಸೈರನ್ ಕೂಗತೊಡಗಿತು.