ವಾರಕ್ಕೊಂದು ಕಾಗದ

ಅಂಚೆ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಅತ್ತೆ, ಸೊಸೆ ನಿಂತಿದ್ದರು. ಸೊಸೆಯ ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು ಗಡಿಯಲ್ಲಿರುವ ಗಂಡನಿಂದ ಬಂದದ್ದು, ಇನ್ನೊಂದು ಅವನಿಗೆ ಹಾಕಬೇಕಾದದ್ದು. ನಾನು ಕೇಳಿಸಿಕೊಳ್ಳದವಳಂತೆ ಗೋಡೆ ನೋಡುತ್ತಿದ್ದೆ.

“ವಾರ ತಪ್ಪದೆ ಬರೀತಾನಲ್ಲೇ! ನಿಮ್ಮಾವ ಜನ್ಮದಲ್ಲಿ ನನಗೊಂದು ಚೀಟಿ ಬರೆದೋರಲ್ಲ.”

“ನಾನು ಬಸಿರಿ ಅಂತ ಬರೆದು ಎರಡು ತಿಂಗಳಾಯ್ತು ಅತ್ತೆ. ಅದಕ್ಕೊಂದು ಮಾತಿಲ್ಲ.”

“ನಾಚಿಕೆ ಕಣೇ. ಥೇಟ್ ಅವರಪ್ಪ.”

“ಸೈಕಲ್ ಕಳುವಾಯ್ತು ಅಂತಾನೂ ಬರೆದಿದ್ದೆ. ಇದರಲ್ಲಿ ನೋಡಿದ್ರೆ, ‘ಸೈಕಲ್ ಚೈನಿಗೆ ಎಣ್ಣೆ ಬಿಡು’ ಅಂದಿದಾರೆ.”

“ನಿನ್ನ ಕಾಗದ ತಲುಪಿಲ್ವೇನೋ.”

“ಹೋದ ವರ್ಷ ಬೆಟ್ಟದ ಮೇಲೆ ಕಾವಲಿಗೆ ಹೋಗುವಾಗ ಏನ್ ಮಾಡಿದ್ರು, ನೆನಪಿದ್ಯಾ? ನಾವು ಹೆದರಬಾರದು ಅಂತ ಎಲ್ಲಾ ಕಾಗದ ಒಟ್ಟಿಗೇ ಬರೆದು, ವಾರಕ್ಕೊಂದು ಹಾಕು ಅಂತ ಗೆಳೆಯನ ಕೈಲಿ ಕೊಟ್ಟು ಹೋಗಿದ್ರು.”

ಅತ್ತೆ ಸೊಸೆಯ ಕೈಯಿಂದ ಮಗನ ಕಾಗದ ತೆಗೆದುಕೊಂಡು ತಿರುಗಿಸಿ ನೋಡಿದರು.

“ಆಗ ವಾಪಸ್ ಬಂದು ಅವನೇ ನಗ್ತಾ ಹೇಳಿದ್ನಲ್ಲ.”

“ಹೂಂ. ಆಗ ಬಂದಿದ್ರು.”

“ಹಾಗಾದ್ರೆ ಈಗ ಎಲ್ಲಿದಾನೇ?”

ಗುಮಾಸ್ತ ಕೈ ಚಾಚಿದಾಗ ಸೊಸೆ ತನ್ನ ಕಾಗದ ಕೊಟ್ಟಳು. ಅವನು ಅದರ ಮುಖವನ್ನೂ ನೋಡದೆ ಮುದ್ರೆ ಒತ್ತಿ ಚೀಲಕ್ಕೆ ಹಾಕಿದ.

ಬಾಗಿಲ ಕಡೆ ಹೊರಟಾಗ ಅತ್ತೆ ಅವಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

“ಮುಂದಿನ ವಾರಾನೂ ಕಾಗದ ಬರುತ್ತೆ ಅಲ್ವೇನೇ?”

“ಬರುತ್ತೆ ಅತ್ತೆ. ಅದಕ್ಕೇ ನಂಗೆ ಭಯ.”