ಬಾಣಂತಿಯ ಅಂಟಿನುಂಡಿ

ನಲವತ್ತೆಂಟರ ಚಳಿಗಾಲ. ಆಳಂದದ ಮೋಟಾರ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ನನ್ನ ಪಕ್ಕದಲ್ಲೇ, ಆಗಷ್ಟೇ ಬಸ್ಸಿಳಿದ ಗಂಗಾಬಾಯಿ, ಸೈಕಲ್ ಹಿಡಿದು ನಿಂತಿದ್ದ ಅಳಿಯ ಖಂಡಪ್ಪನನ್ನು ವಿಚಾರಿಸತೊಡಗಿದಳು.

“ಅಷ್ಟು ದೂರ ಜೇವರ್ಗಿತನಾ ಸೈಕಲ್ ಹೊಡೀತೀರಂತ?”

“ಹೌದ್ರಿ ಅತ್ತಿ. ಅದಕ್ಕ ದಿನಾ ನಿಂಬರ್ಗಾಕ್ಕ ಹೋಗಿಬಂದು ಮೈ ಪಳಗಿಸಾಕತ್ತೇನ್ರಿ.”

“ನಿಮ್ಮ ಮೈ ಗಟ್ಟಿ ಆಗ್ಯಾದ ಬಿಡ್ರಿ. ಬಾಣಂತಿ ಮಗಳು ಕಡ್ಡಿ ಆಗ್ಯಾಳಂತ, ಕೂಸಿಗಿ ಹಾಲು ಸಾಲವಲ್ದಂತ. ಬಾಣಂತಿ ಮೈಗಿ ಶಕ್ತಿ ಬರ್ಲೆಂತ ನಾ ಕೊಟ್ಟ ಡಬ್ಬಿ ಅಂಟಿನುಂಡಿ ವಾರದಾಗ ಖಾಲಿ. ಎಲ್ಲಾ ತಾನ ತಿಂದೆ ಅಂತ ಹೇಳಿ ಕಳಿಸ್ಯಾಳ.”

ಖಂಡಪ್ಪನ ಕಿವಿ ಬಿಸಿಯಾದವು.

“ಆಕಿ ಹಂಗಂದ್ಲೇನ್ರಿ? ಆಕಿ ಒಂದೂ ತಿಂದಿಲ್ರಿ. ಸೈಕಲ್ಲಿಗಿ ದಮ್ ಬೇಕಂತ ಎಲ್ಲಾ ನಾ ತಿಂದೇನಿ.”

“ಗೊತ್ತದ. ಅದಕ್ಕ ಈ ಸಲ ಎರಡು ಡಬ್ಬಿ ತಂದೇನಿ. ದೊಡ್ಡದು ನಿಮ್ದು. ಸಣ್ಣದರಾಗ ಮಾತ್ರ ಕೈ ಹಾಕಬ್ಯಾಡ್ರಿ, ಅಳಿಯಂದ್ರ.”

ಖಂಡಪ್ಪ ಎರಡನ್ನೂ ಕ್ಯಾರಿಯರಿಗೆ ಕಟ್ಟಿದ. ಸೈಕಲ್ ಹತ್ತಲಿಲ್ಲ, ತಲೆ ತಗ್ಗಿಸಿ ತಳ್ಳುತ್ತಾ ಅತ್ತೆಯ ಹಿಂದೆ ನಡೆದ.