ಫೀಜಿಯಿಂದ ಒಬ್ಳೇ ಬಂದೆ

…ಅದೇ ಕಣೇ ಮಂಗೀ, ಓಗಿದ್ದೂ ಒಬ್ಳೇ, ಬಂದಿದ್ದೂ ಒಬ್ಳೇ. ಎಷ್ಟ್ ಸಾರಿ ಕೇಳ್ತೀಯಾ? ನಿನ್ ಗಂಡ ಕದಿರಪ್ಪ ಗಣಿಯಿಂದ ಬಂದಾಗ್ಲೂ ಇದನ್ನೇ ಏಳು. "ಅಲ್ಲಿ ಯಾವನ ಜತೇನೂ ಸಂಸಾರ ಮಾಡಿಲ್ಲ ಅಂದ್ರೆ ನಿಮ್ಮಕ್ಕ ಇಲ್ಲೇ ಇರ್ಲಿ, ಮಾಡಿದ್ರೆ ಬ್ಯಾಡ" ಅಂದ್ನಲ್ಲ… ಮಾಡಿಲ್ಲ. ಮುಗೀತು.

ಫೀಜಿ ಎಂಗಿತ್ತು ಅಂತೀಯಾ? ಬಂಗಾರಪೇಟೆ ಸ್ಟೇಷನ್ನಾಗೆ ಕೂಲಿ ಇಡಿಯೋ ಮೇಸ್ತ್ರಿ ಏಳಿದ್ದು, ರಾಮೇಶ್ವರದ ತಾವ ಐತೆ ಅಂತ. ನಗ್ಬ್ಯಾಡ ಕಣೇ, ನೀನಾಗಿದ್ರೂ ನಂಬ್ತಿದ್ದೆ. ಮದರಾಸಲ್ಲಿ ಹಡಗಿಗೆ ತುಂಬಿದ್ರು. ನೆಲ ಕಾಣ್ದೆ, ಕಾಣ್ದೆ… ಕೊನೆಗೊಂದು ದೀವಿ. ಸುತ್ತ ನೀರು, ಒಳಗೆಲ್ಲ ಕಬ್ಬು. ನಿಮ್ ಗಣಿ ಕೂಲಿಯೋರ ಬಿದಿರು ತಟ್ಟಿ ಮನೆ ಲೈನ್ ಐತಲ್ಲ, ಅಂತದ್ದೇ ಲೈನು. ನೀನು ಅತ್ರೆ ಪಕ್ಕದ್ ಕೋಣೇಯೋಳು ಮೂಗು ಒರೆಸ್ಕೋಬೇಕು, ಅಂಗೆ.

ನೆಲ ಆ ದೀವಿಯೋರ್ದು, ರಾಜ್ಯ ಬಿಳಿಯೋರ್ದು. ನಮ್ದೇನು? ಕೈಯಾಗಿನ ಕತ್ತಿ, ಅದೂ ತೋಟದ ದೊರೇದೇ. ಎಬ್ಬೆಟ್ಟು ಒತ್ತಿದ ಕರಾರು ಮುಗಿಯೋಗಂಟ ತೋಟ ಬಿಟ್ಟು ಓಗಂಗಿಲ್ಲ, ಓದ್ರೆ ಜೈಲು. ನಮ್ ಬೂದಿಕೋಟೆ ದನಕ್ಕಾದ್ರೂ ಸಂಜೆ ಆದ್ರೆ ಮನೆ ಐತೆ.

ತಾಳಿ ಕಟ್ಟಿದ್ರೂ, ಕಚೇರೀಲಿ ಬರಸ್ದಿದ್ರೆ ಮದುವೇನೇ ಅಲ್ವಂತೆ. ಅಲ್ಲೊಬ್ಳಿದ್ಲು… ಚಿತ್ತೂರು ಕಡೆ ಪೆರುಮಾಳ್ ಅನ್ನೋನು ಅವಳಿಗೆ ತಾಳಿ ಕಟ್ಟಿದ್ದ. ಅವನನ್ನ ಬ್ಯಾರೆ ದೀವಿ ತೋಟಕ್ಕೆ ಕಳಿಸ್ದಾಗ, ಬಸುರಿ ಎಂಗ್ಸು, ದೊರೆ ಕಾಲು ಇಡ್ಕಂಡ್ಲು, ನನ್ನೂ ಕಳ್ಸಿ ಅಂತ. "ನೀನು ಅವನ ಎಂಡ್ತಿ ಅಲ್ಲ" ಅಂದ್ಬಿಟ್ರು. ಆಮೇಲೆ ಅವನ ಮುಖ ನೋಡ್ಲಿಲ್ಲ… ಯಾರಾ? ಯಾರೋ ಕಣೇ, ಪಕ್ಕದ್ ಕೋಣೇಯೋಳು. ನಾನ್ಯಾಕೆ ಅಳ್ಲಿ? ಒಲೆ ಹೊಗೆ, ಅಷ್ಟೇ.

ಅಯ್ಯೋ, ನಿನ್ ಕೂಸು ಎದ್ಬಿಡ್ತು. ಎತ್ಕೋ. ಅಳಿಸ್ಬ್ಯಾಡ ಮಂಗೀ, ಬಿರ್ರನೆ ಎತ್ಕೋ… ನಾನಾ? ನಾನು ಎತ್ಕಳಲ್ಲ. ನನ್ ಕೈಲಾಗಲ್ಲ, ಎತ್ಕೋ ಅಂದ್ನಲ್ಲ!

ಏನ್ ನೋಡ್ತಿದೀಯಾ? ರವಿಕೆನಾ? ಒದ್ದೆ ಆಗೈತೆ… ನೀರು ಚೆಲ್ಕಂಡೆ.

ಅಂಗ್ ನೋಡ್ಬ್ಯಾಡ್ವೇ. ಬೈಯೋದಾದ್ರೆ ಬೈ.

…ವಾಪಸ್ ಬರೋವಾಗ ಹಡಗಾಗೆ ಜರ ಬಂತು ಕಣೇ ಅದಕ್ಕೆ. ಸಾಯೋ ಮುಂಚೆ ಆಲು ಕುಡಿಯೋದೂ ಬಿಟ್ಬಿಡ್ತು. ಬಟ್ಟೆ ಸುತ್ತಿ ನೀರಿಗೆ ಬಿಟ್ರು. ಒಂದಿಡಿ ಮಣ್ಣು ಆಕೋಕೂ ನೆಲ ಇರ್ಲಿಲ್ಲ. ಅದು ಓಯ್ತು, ಈ ಆಲು ಮಾತ್ರ ಇನ್ನೂ ಬರ್ತಾ ಐತೆ… ಯಾರಿಗೆ ಅಂತ ಬರ್ತೈತೋ.

ಕದಿರಪ್ಪ ಬರೋ ಒತ್ತಾಯ್ತು. ನನ್ ಗಂಟು ಎಲ್ಲಿಟ್ಟೆ? ಬಾಗ್ಲು ಯಾಕ್ ಆಕ್ತೀಯೇ, ನಾನು ಓಗ್ಬೇಕು… ಏ, ಏನಿದು? ಕೂಸನ್ನ ನನ್ ಮಡ್ಲಿಗೆ ಯಾಕ್ ಆಕ್ದೆ? ಬ್ಯಾಡ ಮಂಗೀ. ಬ್ಯಾಡ ಕಣೇ…

ಕುಡೀತಾ ಐತೆ.

ನಂದೂ ಎಣ್ಮಗೂನೇ ಕಣೇ.